ಕ್ರೂಗರ್‌ನಲ್ಲಿ ನಾವೇ ಕಾರು ಓಡಿಸಿಕೊಂಡು ಸಫಾರಿ: ಮಾರ್ಗದರ್ಶಕರಿಲ್ಲದೆ ಪ್ರಾಣಿಗಳನ್ನು ನೋಡುವುದು, ಚಿತ್ರ ತೆಗೆಯುವುದು ಹೇಗೆ?

ಕಬಿನಿತೀರ (ಮೈಸೂರು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್ ತಿಂಗಳಲ್ಲಿ ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು ಮತ್ತು ಅತ್ತೆ-ಮಾವ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ಜೊಹಾನೆಸ್‌ಬರ್ಗ್‌ನಲ್ಲಿ ಕಾರು ಬಾಡಿಗೆಗೆ ಪಡೆದು, ಉದ್ಯಾನದೊಳಗಿನ ಶಿಬಿರಗಳಲ್ಲಿ ಉಳಿದುಕೊಂಡು, ನಾವೇ ವಾಹನ ಓಡಿಸಿಕೊಂಡು ಸುತ್ತಾಡುವ ಆಲೋಚನೆ ಇದೆ.

ನಮಗೆ ಅಭ್ಯಾಸವಿರುವುದು ನಾಗರಹೊಳೆ, ಬಂಡೀಪುರಗಳ ಸಫಾರಿ ಮಾತ್ರ. ಅಲ್ಲಿ ಸಫಾರಿ ಹಾದಿಗೆ ಸ್ವಂತ ವಾಹನ ಬಿಡುವುದಿಲ್ಲ. ಜಿಂಕೆಯ ಕೂಗೋ ಮುಸುವದ ಕೂಗೋ ಕಿವಿಗೆ ಬಿದ್ದೊಡನೆ ಚಾಲಕರೇ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಯಾವ ಪೊದೆಯ ಕಡೆ ನೋಡಬೇಕೆಂದು ತೋರಿಸುತ್ತಾರೆ. ಆ ಕಣ್ಣು ಮತ್ತು ಆ ಕಿವಿ ನಮ್ಮೊಂದಿಗಿಲ್ಲದಿದ್ದಾಗ ಪ್ರಾಣಿಗಳು ಕಾಣಸಿಗುತ್ತವೆಯೇ ಎಂಬುದು ನನ್ನ ಮುಖ್ಯ ಸಂದೇಹ. ಇದರ ಜೊತೆಗೆ, ಉದ್ಯಾನದ ಯಾವ ಭಾಗದಲ್ಲಿ ಉಳಿದುಕೊಳ್ಳಬೇಕು, ಸಾಧಾರಣ ಕಾರು ಸಾಕೇ ಅಥವಾ ಎತ್ತರದ ವಾಹನವೇ ಬೇಕೇ, ನನ್ನ ಬಳಿ ಇರುವ 100-400 ಮಿ.ಮೀ. ಲೆನ್ಸ್ ಅಲ್ಲಿಗೆ ಸಾಲುತ್ತದೆಯೇ, ವಯಸ್ಸಾದವರಿಗೆ ಶೌಚಾಲಯದ ವ್ಯವಸ್ಥೆ ಹೇಗಿರುತ್ತದೆ ಎಂಬುದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಜೋಬರ್ಗ್‌ನಿವಾಸಿ ಅವರ ಉತ್ತರ:

ನಮಸ್ಕಾರ ಮೇಡಂ. ಉದ್ಯೋಗದ ನಿಮಿತ್ತ ಇಲ್ಲಿ ನೆಲೆಸಿರುವುದರಿಂದ ನಮ್ಮ ಕುಟುಂಬಕ್ಕೆ ಕ್ರೂಗರ್ ಚಿರಪರಿಚಿತ. ನೀವು ಆರಿಸಿಕೊಂಡ ತಿಂಗಳು ಬಹಳ ಒಳ್ಳೆಯದು. ಆಗಸ್ಟ್ ಇಲ್ಲಿ ಚಳಿಗಾಲದ ಕೊನೆ. ತಿಂಗಳುಗಟ್ಟಲೆ ಮಳೆಯಿಲ್ಲದೆ ಹುಲ್ಲು ಒಣಗಿ ಬಾಗಿರುತ್ತದೆ, ಪೊದೆಗಳ ಎಲೆ ಉದುರಿರುತ್ತದೆ, ಸಣ್ಣ ಹೊಂಡಗಳೆಲ್ಲ ಬತ್ತಿರುವುದರಿಂದ ಪ್ರಾಣಿಗಳು ನದಿಗಳಿಗೂ ಉಳಿದ ಕೆರೆಗಳಿಗೂ ಬಂದೇ ತೀರಬೇಕಾಗುತ್ತದೆ. ಮಲೇರಿಯಾ ಅಪಾಯವೂ ಮಳೆಗಾಲಕ್ಕಿಂತ ಕಡಿಮೆ ಇರುವ ಕಾಲವಿದು. ಹಾಗೆಂದು ನಿರ್ಲಕ್ಷ್ಯ ಬೇಡ. ಮಗು ಮತ್ತು ಹಿರಿಯರು ಜೊತೆಗಿರುವುದರಿಂದ ಹೊರಡುವ ಮುನ್ನ ವೈದ್ಯರ ಸಲಹೆ ಪಡೆಯಿರಿ.

1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕ್ರೂಗರ್‌ನ ವಿಸ್ತೀರ್ಣ 19,000 ಚದರ ಕಿಲೋಮೀಟರ್‌ಗೂ ಹೆಚ್ಚು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ. ಉದ್ದವಿದೆ. ಒಂದೇ ಪ್ರವಾಸದಲ್ಲಿ ಇಷ್ಟನ್ನೂ ನೋಡಿ ಮುಗಿಸುವ ಆಸೆಯನ್ನು ಮೊದಲೇ ಬಿಟ್ಟುಬಿಡಿ. ಎಲ್ಲಿ ಯಾವ ಪ್ರಾಣಿ ಹೆಚ್ಚು ಎಂಬುದನ್ನು ಬಹುಮಟ್ಟಿಗೆ ಮಣ್ಣೇ ನಿರ್ಧರಿಸುತ್ತದೆ. ಉದ್ಯಾನದ ಪಶ್ಚಿಮದ ಅರ್ಧ ಗ್ರಾನೈಟ್ ಶಿಲೆಯ ಮೇಲಿದೆ, ಪೂರ್ವದ ಅರ್ಧ ಬಸಾಲ್ಟ್ ಮೇಲಿದೆ. ನಮ್ಮ ಉತ್ತರ ಕರ್ನಾಟಕದ ಎರೆಭೂಮಿಯಂತೆ ಬಸಾಲ್ಟ್ ಶಿಥಿಲವಾಗಿ ಉಂಟಾದ ಆ ಪೂರ್ವದ ಮಣ್ಣು ಸಾರವುಳ್ಳದ್ದು. ಅಲ್ಲಿ ಬೆಳೆಯುವ ರುಚಿಯಾದ ಹುಲ್ಲಿಗಾಗಿ ಜೀಬ್ರಾ, ವೈಲ್ಡ್‌ಬೀಸ್ಟ್ ಹಿಂಡುಗಳು ಸೇರುತ್ತವೆ, ಅವುಗಳ ಬೆನ್ನಿಗೆ ಸಿಂಹಗಳಿರುತ್ತವೆ. ಸತಾರಾ ಶಿಬಿರದ ಸುತ್ತಲಿನ ಬಯಲು ಇಂಥದ್ದು. ಆಲಿಫಂಟ್ಸ್ ನದಿ ದಾಟಿ ಉತ್ತರಕ್ಕೆ ಹೋದರೆ ಮೊಪಾನಿ ಮರಗಳ ಕುರುಚಲು ಕಾಡು. ಆನೆಗಳಿಗೆ ಪ್ರಶಸ್ತವಾದ ಜಾಗವಾದರೂ ಮೊದಲ ಸಲ ಬರುವವರಿಗೆ ಅಲ್ಲಿ ಗಂಟೆಗಟ್ಟಲೆ ಏನೂ ಕಾಣದೆ ಬೇಸರವಾಗಬಹುದು. ಆದ್ದರಿಂದ ನಿಮ್ಮ ಬಿಡುವಿನಲ್ಲಿ ಅರ್ಧವನ್ನು ಸಾಬಿ ನದಿಯ ದಂಡೆಯಲ್ಲಿರುವ ಲೋವರ್ ಸಾಬಿ ಶಿಬಿರಕ್ಕೂ ಇನ್ನರ್ಧವನ್ನು ಸತಾರಾಕ್ಕೂ ಕೊಡಿ ಎನ್ನುವುದು ನನ್ನ ಸಲಹೆ. ಶಿಬಿರಗಳ ಕೊಠಡಿಗಳು ತಿಂಗಳುಗಳ ಮೊದಲೇ ಭರ್ತಿಯಾಗುತ್ತವೆ, ತಡಮಾಡಬೇಡಿ.

ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ವೇಗಮಿತಿ ಇದೆ. ಪ್ರಾಣಿ ನೋಡುವವರಿಗೆ ಅದೂ ಹೆಚ್ಚೇ. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವಾಗ ನಿಲುಗಡೆಗಳೂ ಸೇರಿ ಗಂಟೆಗೆ 25 ಕಿ.ಮೀ. ಎಂದು ಲೆಕ್ಕ ಹಾಕಿಕೊಳ್ಳಿ. ಆಗಸ್ಟ್‌ನಲ್ಲಿ ದ್ವಾರಗಳು ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತವೆ. ಅಷ್ಟರೊಳಗೆ ಶಿಬಿರ ಸೇರದಿದ್ದರೆ ದಂಡ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊತ್ತು ಮೀರಿತೆಂದು ವೇಗವಾಗಿ ಓಡಿಸುವವರ ಕಾರಿಗೇ ಮುಸ್ಸಂಜೆಯಲ್ಲಿ ರಸ್ತೆ ದಾಟುವ ಪ್ರಾಣಿಗಳು ಸಿಕ್ಕಿಬೀಳುತ್ತವೆ.

ಮಾರ್ಗದರ್ಶಕರಿಲ್ಲದೆ ಕಾಣುತ್ತವೆಯೇ ಎಂದು ಕೇಳಿದ್ದೀರಿ. ನೀವು ಕಬಿನಿಯಲ್ಲಿ ಕಲಿತದ್ದೇ ಇಲ್ಲಿಯೂ ನೆರವಾಗುತ್ತದೆ. ಜಿಂಕೆಯ ಸ್ಥಾನದಲ್ಲಿ ಇಲ್ಲಿ ಇಂಪಾಲಾ ಇದೆ. ಹಿಂಡಿನಲ್ಲಿದ್ದ ಇಂಪಾಲಾಗಳು ಮೇಯುವುದನ್ನು ನಿಲ್ಲಿಸಿ, ಕಿವಿ ನಿಮಿರಿಸಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಮೂಗಿನಿಂದ ಬುಸುಗುಟ್ಟಿದರೆ ಆ ದಿಕ್ಕಿನಲ್ಲಿ ಬೇಟೆಗಾರ ಪ್ರಾಣಿ ಇದೆಯೆಂದೇ ತಿಳಿಯಿರಿ. ಜಿರಾಫೆಯೊಂದು ಎಲೆ ತಿನ್ನದೆ ಬಹಳ ಹೊತ್ತು ಒಂದೇ ಕಡೆ ದಿಟ್ಟಿಸುತ್ತಿದ್ದರೂ ಹಾಗೆಯೇ. ರಣಹದ್ದುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ವಿವೇಚನೆ ಬೇಕು: ಬೆಳ್ಳಂಬೆಳಿಗ್ಗೆ ಮರದ ತುದಿಯಲ್ಲಿ ಕುಳಿತವು ಗಾಳಿ ಬೆಚ್ಚಗಾಗಿ ಮೇಲೇಳಲೆಂದು ಕಾಯುತ್ತಿರುತ್ತವೆ, ಅದರಲ್ಲಿ ಸೂಚನೆಯೇನೂ ಇಲ್ಲ, ಹೊತ್ತೇರಿದ ಮೇಲೆ ಆಕಾಶದಿಂದ ಒಂದರ ಹಿಂದೊಂದು ಒಂದೇ ಜಾಗಕ್ಕೆ ಇಳಿಯುತ್ತಿದ್ದರೆ ಅಲ್ಲಿ ಸತ್ತ ಪ್ರಾಣಿಯಿದೆ. ಸಾಬಿ ನದಿಯಂಚಿನಲ್ಲಿರುವ ದೊಡ್ಡ ಅತ್ತಿ ಜಾತಿಯ ಮರಗಳ ಅಡ್ಡಕೊಂಬೆಗಳನ್ನು ತಪ್ಪದೆ ನೋಡಿ. ಇಳಿಬಿದ್ದ ಬಾಲವೊಂದು ಮೊದಲು ಕಾಣುತ್ತದೆ, ಚಿರತೆ ಆಮೇಲೆ. ಶಿಬಿರಗಳಲ್ಲಿ ಆ ದಿನ ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಗುರುತು ಹಾಕುವ ನಕ್ಷೆಯ ಫಲಕಗಳೂ ಇರುತ್ತವೆ.

ಸಾಧಾರಣ ಕಾರು ಖಂಡಿತ ಸಾಕು, ಆದರೆ ಐದು ಜನರೆಂದರೆ ಹಿಂದಿನ ಸೀಟಿನ ನಡುವೆ ಕೂತವರಿಗೆ ಏನೂ ಕಾಣದು. ಸ್ವಲ್ಪ ಎತ್ತರದ, ಏಳು ಸೀಟಿನ ವಾಹನ ಪಡೆಯಿರಿ. ಇಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವುದು. ಕರ್ನಾಟಕದ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ತಂದರೆ ಬಾಡಿಗೆ ಕಚೇರಿಯಲ್ಲಿ ಚರ್ಚೆಗೆ ಅವಕಾಶವಿರುವುದಿಲ್ಲ. ಬಾಡಿಗೆ ಕರಾರಿನಲ್ಲಿ ಟೈರು, ಗಾಜುಗಳ ವಿಮೆಯ ಷರತ್ತನ್ನು ಓದಿಕೊಳ್ಳಿ. ಕಾರಿನಿಂದ ಇಳಿಯಲು ಅನುಮತಿ ಇರುವುದು ಶಿಬಿರಗಳಲ್ಲಿ, ಊಟದ ತಾಣಗಳಲ್ಲಿ ಮತ್ತು ಫಲಕ ಹಾಕಿ ಗುರುತಿಸಿದ ಕೆಲವೇ ಜಾಗಗಳಲ್ಲಿ. ಶೌಚಾಲಯಗಳಿರುವ ತಾಣಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಂಡು, ಹಿರಿಯರ ಅನುಕೂಲಕ್ಕೆ ತಕ್ಕಂತೆ ಬೆಳಗಿನ ಸುತ್ತನ್ನು ಯೋಜಿಸಿ. ಸ್ಕುಕುಜಾ ಎಂಬ ಇನ್ನೊಂದು ಶಿಬಿರ ಮತ್ತು ಲೋವರ್ ಸಾಬಿ ನಡುವಿನ ಎನ್‌ಕುಹ್ಲು ಅಂಥದ್ದೊಂದು ತಾಣ. ಅಲ್ಲಿ ಮಂಗಗಳು ತಟ್ಟೆಗೇ ಕೈಹಾಕುತ್ತವೆ, ಮಗಳಿಗೆ ಹೇಳಿಡಿ.

ಮಲೆನಾಡಿಗ (ಶಿವಮೊಗ್ಗ) ಅವರ ಉತ್ತರ:

ಛಾಯಾಗ್ರಹಣದ ಬಗ್ಗೆ ಮಾತ್ರ ಬರೆಯುತ್ತೇನೆ. ನಿಮ್ಮ 100-400 ಲೆನ್ಸ್ ಧಾರಾಳವಾಗಿ ಸಾಕು. ರಸ್ತೆಗೆ ತಾಗಿಯೇ ನಿಲ್ಲುವ ಆನೆ, ಜಿರಾಫೆಗಳಿಗೆ 400 ಅತಿಯಾಗುತ್ತದೆ. ಹಕ್ಕಿಗಳಿಗೆ ಮಾತ್ರ ಸ್ವಲ್ಪ ಕಡಿಮೆ ಎನ್ನಿಸಬಹುದು.

ಸ್ವಂತ ಕಾರಿನ ದೊಡ್ಡ ಅನುಕೂಲವೆಂದರೆ ಕಣ್ಣಿನ ಮಟ್ಟ. ನಮ್ಮ ಸಫಾರಿ ಜೀಪುಗಳಲ್ಲಿ ಎತ್ತರದಿಂದ ಕೆಳಕ್ಕೆ ನೋಡುವುದರಿಂದ ಪ್ರಾಣಿಯ ಬೆನ್ನು ಮತ್ತು ನೆಲವೇ ಚಿತ್ರವನ್ನು ತುಂಬುತ್ತವೆ. ಕಾರಿನ ಕಿಟಕಿಯಿಂದ ಸಿಂಹದ ಕಣ್ಣಿಗೆ ಕಣ್ಣು ಸೇರುವ ಮಟ್ಟದಲ್ಲಿ ಚಿತ್ರ ಸಿಗುತ್ತದೆ. ಟ್ರೈಪಾಡ್ ಕಾರಿನೊಳಗೆ ನಿರುಪಯೋಗಿ. ಖಾಲಿ ಬೀನ್ ಬ್ಯಾಗ್ ಒಂದನ್ನು ಮಡಚಿ ತೆಗೆದುಕೊಂಡು ಹೋಗಿ, ಅಲ್ಲಿ ಅಕ್ಕಿ ಕೊಂಡು ತುಂಬಿಸಿ, ಗಾಜು ಇಳಿಸಿದ ಕಿಟಕಿಯ ಅಂಚಿನ ಮೇಲಿಟ್ಟು ಅದರ ಮೇಲೆ ಲೆನ್ಸ್ ಒರಗಿಸಿ. ಎಂಜಿನ್ ಆರಿಸದಿದ್ದರೆ ಅದರ ನಡುಕ ಬಾಗಿಲಿನ ಮೂಲಕ ಲೆನ್ಸ್‌ವರೆಗೂ ಬರುತ್ತದೆ. ಒಳಗಿರುವವರು ಅಲುಗಾಡದಿರುವುದೂ ಅಷ್ಟೇ ಅಗತ್ಯ.

ಬೆಳಕಿನ ವಿಷಯ ಹೇಳಲೇಬೇಕು. ಸ್ಕುಕುಜಾದಿಂದ ಲೋವರ್ ಸಾಬಿಗೆ ಹೋಗುವ ಎಚ್4-1 ರಸ್ತೆ ನದಿಯ ದಕ್ಷಿಣ ದಂಡೆಯಲ್ಲಿ ಪೂರ್ವಾಭಿಮುಖವಾಗಿ ಸಾಗುತ್ತದೆ. ಬೆಳಿಗ್ಗೆ ಸ್ಕುಕುಜಾದಿಂದ ಹೊರಟವರ ಕಣ್ಣಿಗೆ ಸೂರ್ಯ ನೇರವಾಗಿ ಹೊಡೆಯುತ್ತಾನೆ. ಲೋವರ್ ಸಾಬಿಯಲ್ಲಿ ಉಳಿದು ಪಶ್ಚಿಮಕ್ಕೆ ಹೊರಟರೆ ಬೆಳಕು ಬೆನ್ನ ಹಿಂದಿರುತ್ತದೆ, ನದಿ ಬಲಕ್ಕೆ, ಅಂದರೆ ಚಾಲಕರ ಬದಿಗೇ ಸಿಗುತ್ತದೆ. ಜೋಬರ್ಗ್‌ನಿವಾಸಿ ಅವರು ಲೋವರ್ ಸಾಬಿಯನ್ನು ಸೂಚಿಸಿದ್ದಕ್ಕೆ ನನ್ನ ಕಡೆಯಿಂದ ಇದೂ ಒಂದು ಕಾರಣವೆಂದು ಸೇರಿಸಿಕೊಳ್ಳಿ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಝಳದಲ್ಲಿ ದೂರದ ಪ್ರಾಣಿಗಳ ಚಿತ್ರ ಎಷ್ಟು ಬೆಲೆಬಾಳುವ ಲೆನ್ಸ್‌ನಲ್ಲೂ ಕದಡಿಹೋಗುತ್ತದೆ. ಆ ಹೊತ್ತಿನಲ್ಲಿ ದೂರದ್ದನ್ನು ಬೈನಾಕ್ಯುಲರ್‌ನಲ್ಲಿ ನೋಡಿ ಆನಂದಿಸಿ, ಹತ್ತಿರದ್ದನ್ನು ಮಾತ್ರ ಚಿತ್ರಿಸಿ.

ಲೋವರ್ ಸಾಬಿ ಶಿಬಿರದ ಪಕ್ಕದಲ್ಲೇ ಸನ್‌ಸೆಟ್ ಡ್ಯಾಮ್ ಎಂಬ ಕೆರೆಯಿದೆ. ಕಾರನ್ನು ನೀರಿನಂಚಿಗೇ ತಂದು ನಿಲ್ಲಿಸಬಹುದು. ಸಂಜೆ ಅಲ್ಲಿಗೆ ಹೋಗಿ ಎಂಜಿನ್ ಆರಿಸಿ ಸುಮ್ಮನೆ ಕುಳಿತುಬಿಡಿ. ಮೊದಲು ನೀರಿನ ಮೇಲೆ ಬರಿಯ ಉಬ್ಬುಗಳಂತೆ ಕಾಣುತ್ತಿದ್ದ ನೀರಾನೆಗಳು ಒಂದೊಂದಾಗಿ ಮೂಗಿನಿಂದ ತುಂತುರು ಹಾರಿಸುತ್ತ ತಲೆಯೆತ್ತುತ್ತವೆ, ಬಾಯಿ ತೆರೆದು ಮಲಗಿದ ಮೊಸಳೆಯ ಪಕ್ಕದಲ್ಲೇ ಕೊಕ್ಕರೆಗಳು ಮೀನಿಗಾಗಿ ಹೆಜ್ಜೆ ಹಾಕುತ್ತವೆ, ನೀರು ಕುಡಿಯಲು ಬಂದ ಇಂಪಾಲಾ ಒಂದು ಗುಟುಕಿಗೊಮ್ಮೆ ತಲೆಯೆತ್ತಿ ನೋಡುತ್ತದೆ. ಸುತ್ತಾಡಿ ಹುಡುಕುವವರಿಗಿಂತ ನೀರಿನ ಬಳಿ ಕಾದು ಕೂತವರಿಗೇ ಒಳ್ಳೆಯ ಚಿತ್ರಗಳು ಸಿಗುತ್ತವೆ ಎಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ಚಲಿಸುವ ಕಾರು ಪ್ರಾಣಿಯ ನಡವಳಿಕೆಯನ್ನು ಕೆಡಿಸುತ್ತದೆ, ನಿಂತ ಕಾರನ್ನು ಅದು ಸ್ವಲ್ಪ ಹೊತ್ತಿನಲ್ಲೇ ಮರೆತುಬಿಡುತ್ತದೆ.

ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ಸಂಬಂಧಿಯೊಂದು, ನಸುನೇರಳೆ ಎದೆಯದ್ದು, ರಸ್ತೆಬದಿಯ ಒಣಕೊಂಬೆಗಳ ತುದಿಯಲ್ಲಿ ಕೂತಿರುತ್ತದೆ. ಹುಳ ಹಿಡಿಯಲು ನೆಲಕ್ಕೆ ಹಾರಿ ಬಹುತೇಕ ಅದೇ ಕೊಂಬೆಗೆ ಮರಳುವುದರಿಂದ, ಕೊಂಬೆಗೆ ಫೋಕಸ್ ಮಾಡಿಟ್ಟುಕೊಂಡು 1/2000 ಸೆಕೆಂಡಿನ ಷಟರ್ ವೇಗದಲ್ಲಿ ಕಾದರೆ ರೆಕ್ಕೆ ಬಿಚ್ಚಿದ ನೀಲಿಯನ್ನೇ ಸೆರೆಹಿಡಿಯಬಹುದು. ಸಿಂಹಕ್ಕಾಗಿ ಧಾವಿಸುವ ಕಾರುಗಳು ಇದನ್ನು ನೋಡದೆ ಮುಂದೆ ಹೋಗುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಬಿನಿತೀರ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಲೋವರ್ ಸಾಬಿ ಮತ್ತು ಸತಾರಾ ಎಂದೇ ತೀರ್ಮಾನಿಸಿದ್ದೇವೆ. ಮಾವನವರಿಗೆ ಆನೆಯದೇ ಚಿಂತೆ. ರಸ್ತೆಯಲ್ಲಿ ಎದುರಾದರೆ ಕಾರಿನಲ್ಲಿರುವವರು ಏನು ಮಾಡಬೇಕು?

ಹಿಮವದ್‌ತಪ್ಪಲು (ಗುಂಡ್ಲುಪೇಟೆ) ಅವರ ಉತ್ತರ:

ಅಮ್ಮಾ, ನಿಮ್ಮ ಮಾವನವರ ಚಿಂತೆ ನ್ಯಾಯವಾದದ್ದು. ನಮ್ಮೂರ ಮುಂದಿನ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದೊಳಗೇ ಹಾದುಹೋಗುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದ್ದರೂ, ಹಗಲಿನಲ್ಲಿ ಆನೆ ಕಂಡೊಡನೆ ಕಾರಿನಿಂದಿಳಿದು ಮೊಬೈಲ್ ಹಿಡಿದು ಹತ್ತಿರ ಹೋಗುವವರನ್ನು ನಾವು ನೋಡುತ್ತಲೇ ಇದ್ದೇವೆ. ಆಫ್ರಿಕಾದ ಆನೆ ನಮ್ಮದಕ್ಕಿಂತ ದೊಡ್ಡದು. ಅದರ ಮನಸ್ಸನ್ನು ಅರಿಯುವ ರೀತಿ ಮಾತ್ರ ಹೆಚ್ಚೇನೂ ಬೇರೆಯಲ್ಲ.

ದೂರದಲ್ಲಿ ಕಂಡಾಗಲೇ ನಿಲ್ಲಿಸಿ, ಅದು ಏನು ಮಾಡುತ್ತಿದೆಯೆಂದು ನೋಡಿ. ಕಿವಿಯನ್ನು ನಿಧಾನವಾಗಿ ಬೀಸುತ್ತ, ಬಾಲ ಆಡಿಸುತ್ತ ಮೇಯುತ್ತಿದ್ದರೆ ಅದು ನೆಮ್ಮದಿಯಿಂದಿದೆ. ಮೇಯುವುದನ್ನು ಬಿಟ್ಟು, ತಲೆಯೆತ್ತಿ, ಕಿವಿಗಳನ್ನು ಅಗಲಿಸಿ ನಿಮ್ಮ ಕಡೆ ತಿರುಗಿದರೆ ಇಷ್ಟು ಸಾಕು ಎಂದು ಅದು ಹೇಳುತ್ತಿದೆ. ತಲೆ ಕೊಡವಿದರೆ, ಸೊಂಡಿಲು ಬೀಸಿದರೆ ಹಿಂದಕ್ಕೆ ಸರಿಯಲು ತಡಮಾಡಬಾರದು. ಕಣ್ಣಿಗೂ ಕಿವಿಗೂ ನಡುವಿನ ಗ್ರಂಥಿಯಿಂದ ಕಪ್ಪಾಗಿ ಸ್ರಾವ ಇಳಿದು, ಹಿಂಗಾಲುಗಳ ನಡುವೆ ಮೂತ್ರ ತೊಟ್ಟಿಕ್ಕುತ್ತಿರುವ ಗಂಡಾನೆ ಮದವೇರಿದ್ದು. ಅದು ರಸ್ತೆಯಲ್ಲಿ ನಿಮ್ಮತ್ತ ನಡೆದುಬರುತ್ತಿದ್ದರೆ ಚಿತ್ರದ ಆಸೆ ಬಿಟ್ಟು, ಸಾಕಷ್ಟು ಅಂತರವಿರುವಾಗಲೇ ಹಿಮ್ಮುಖವಾಗಿ ಸಾಗಿ ದಾರಿ ಬಿಡಿ. ಇದಕ್ಕಾಗಿಯೇ ನಿಮ್ಮ ಹಿಂದೆ ಕಾರುಗಳು ಒತ್ತಾಗಿ ನಿಂತಿರುವಾಗ ಆನೆಯ ಸಮೀಪಕ್ಕೆ ಹೋಗಬಾರದು.

ಮರಿಗಳಿರುವ ಹಿಂಡು ರಸ್ತೆ ದಾಟುವಾಗ ಒಂದೆರಡು ದಾಟಿದ ಮೇಲೆ ಸಂದು ಸಿಕ್ಕಿತೆಂದು ನುಗ್ಗಿದರೆ ತಾಯಿ ಮತ್ತು ಮರಿಯ ನಡುವೆ ನಿಮ್ಮ ಕಾರು ಸಿಕ್ಕಿಕೊಳ್ಳುತ್ತದೆ. ಪೊದೆಯ ಮರೆಯಲ್ಲಿ ಇನ್ನೂ ಇರುತ್ತವೆ. ಕೊನೆಯದು ದಾಟಿತೆಂದು ತೋರಿದ ಮೇಲೂ ಸ್ವಲ್ಪ ಹೊತ್ತು ಕಾಯಿರಿ. ಹಾರ್ನ್ ಮಾಡುವುದು, ಎಂಜಿನ್ ಗುಡುಗಿಸುವುದು ಯಾವ ಸಂದರ್ಭದಲ್ಲೂ ಕೂಡದು. ಆನೆಯ ಹತ್ತಿರ ಎಂಜಿನ್ ಚಾಲೂ ಇರಲಿ. ಛಾಯಾಗ್ರಹಣಕ್ಕೆ ಹೇಳಿದ ನಿಯಮ ಇಲ್ಲಿ ಅನ್ವಯಿಸದು.

ಜೋಬರ್ಗ್‌ನಿವಾಸಿ:

ಹಿರಿಯರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಎರಡು ವಿಷಯ ಬಿಟ್ಟುಹೋಗಿತ್ತು. ಸಿಂಹವೋ ಚಿರತೆಯೋ ಕಂಡ ಜಾಗದಲ್ಲಿ ಕಾರುಗಳು ಮುತ್ತಿಕೊಳ್ಳುತ್ತವೆ. ಇನ್ನೊಬ್ಬರ ನೋಟಕ್ಕೆ ಅಡ್ಡ ನಿಲ್ಲಿಸಬೇಡಿ, ಪ್ರಾಣಿ ನಡೆದುಹೋಗುವ ದಾರಿಯನ್ನಂತೂ ಮುಚ್ಚಲೇಬೇಡಿ, ನಿಮ್ಮ ಚಿತ್ರ ಸಿಕ್ಕಿದ ಮೇಲೆ ಹಿಂದಿನವರಿಗೆ ಜಾಗ ಬಿಟ್ಟು ಹೊರಡಿ. ಮಗಳು ಕಿಟಕಿಯಿಂದ ಕೈ, ತಲೆ ಹೊರಚಾಚದಂತೆ ನೋಡಿಕೊಳ್ಳಿ. ಕಾರಿನ ಆಕಾರದಿಂದ ಬೇರ್ಪಟ್ಟು ಕಂಡ ಮನುಷ್ಯನನ್ನು ಪ್ರಾಣಿ ಬೇರೆಯಾಗಿಯೇ ಗುರುತಿಸುತ್ತದೆ.

ಘೇಂಡಾಮೃಗದ ಚಿತ್ರ ಸಿಕ್ಕರೆ ಅದು ಎಲ್ಲಿ ಕಂಡಿತೆಂದು ಜಾಲತಾಣದಲ್ಲಿ ಬರೆಯಬೇಡಿ, ಫೋನಿನಲ್ಲಿ ಸ್ಥಳ ದಾಖಲಾಗುವ ವ್ಯವಸ್ಥೆಯನ್ನು ಮೊದಲೇ ಆರಿಸಿಡಿ. ಕೊಂಬಿಗಾಗಿ ಇಲ್ಲಿ ನಡೆದಿರುವ ಬೇಟೆ ಘೋರವಾದದ್ದು. ಬೇಟೆಗಾರರಿಂದ ಉಳಿಸಲೆಂದು ಕೊಂಬು ಕತ್ತರಿಸಿಬಿಟ್ಟ ಘೇಂಡಾಮೃಗಗಳೂ ನಿಮಗೆ ಕಾಣಬಹುದು. ಮಗಳು ಕೇಳಿದರೆ ಕಾರಣವನ್ನು ಮುಚ್ಚಿಡದೆ ಹೇಳಿ.