ಬಾಸ್ಕೆಟ್‌ಬಾಲ್ ಆಟಗಾರ ಝ್ಯಾಕ್ ಈಡಿ ಆಟದಲ್ಲಿ ಇನ್ನೂ ಬೆಳೆಯಬಲ್ಲನೇ? ಮನೆಯ ಗುಂಪಿನಲ್ಲಿ ನಡೆದ ವಾದ

ಜೂನ್ 1, 2023, ಬೆಳಿಗ್ಗೆ

ಶಿವಮೊಗ್ಗದ ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ್ದು) “ಏಳಡಿ ನಾಲ್ಕಂಗುಲದ ಝ್ಯಾಕ್ ಈಡಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಹೋಗುವುದನ್ನು ಬಿಟ್ಟು ಮತ್ತೆ ಪರ್ಡ್ಯೂ ವಿಶ್ವವಿದ್ಯಾಲಯಕ್ಕೇ ಆಡುತ್ತಾನಂತೆ. ಎತ್ತರವನ್ನೇ ನೆಚ್ಚಿದವನು ಇನ್ನೇನು ಕಲಿತಾನು? ಮುಂದಿನ ವರ್ಷವೂ ಇಷ್ಟೇ.” ಎಲ್ಲರೂ ಓದಿ. ಬಾಸ್ಕೆಟ್‌ಬಾಲ್ ಆಡುವ ನನ್ನ ಮಗನಿಗೆ ನಾನು ಹೇಳುತ್ತಿರುವುದೂ ಇದನ್ನೇ.

ಭಾವ: ಮಾವ, ಇದನ್ನು ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂಬುದು ಎಲ್ಲಿಯೂ ಇಲ್ಲ. ಹಲಸಿನ ಬೀಜದ ಔಷಧದ ಸಂದೇಶಕ್ಕೂ ನಾನು ಮೂಲ ಕೇಳಿದ್ದೆ, ಇವತ್ತಿನವರೆಗೂ ಉತ್ತರವಿಲ್ಲ.

ಶಿವಮೊಗ್ಗದ ಚಿಕ್ಕಪ್ಪ: ನಾನು ಏನು ಕಳಿಸಿದರೂ ನಿಮಗೆ ಅನುಮಾನವೇ.

ದೊಡ್ಡಪ್ಪ: ಮೂಲದ ಮಾತು ಹಾಗಿರಲಿ. ನಮ್ಮ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ದೇಶವೇ ಹಿಗ್ಗಿತ್ತು, ಆದರೆ ಆತ ಎನ್‌ಬಿಎ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ. ದೇವರು ಕೊಟ್ಟದ್ದನ್ನು ದುಡಿಮೆಯಿಂದ ಉಳಿಸಿಕೊಳ್ಳಬೇಕು.



ನಾನು: ದೊಡ್ಡಪ್ಪ, ಸತ್ನಾಮ್ ಮತ್ತು ಈಡಿ ಇಬ್ಬರೂ ಫ್ಲಾರಿಡಾದ ಐಎಂಜಿ ಅಕಾಡೆಮಿ ಎಂಬ ಕ್ರೀಡಾಶಾಲೆಯಲ್ಲಿ ಕಲಿತವರು. ಸತ್ನಾಮ್ ಅಲ್ಲಿಂದ ನೇರವಾಗಿ ಡ್ರಾಫ್ಟಿಗೆ, ಅಂದರೆ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸುವ ಸುತ್ತಿಗೆ ಹೋದರು; ಕಾಲೇಜಿನ ವರ್ಷಗಳು ಅವರಿಗೆ ಸಿಗಲೇ ಇಲ್ಲ. ಟೊರಾಂಟೊದ ಈಡಿ ಹೈಸ್ಕೂಲಿಗೆ ಬರುವವರೆಗೂ ಐಸ್ ಹಾಕಿ, ಬೇಸ್‌ಬಾಲ್ ಆಡಿಕೊಂಡಿದ್ದ ಹುಡುಗ. ತಡವಾಗಿ ಚೆಂಡು ಹಿಡಿದವನು ಪರ್ಡ್ಯೂನಲ್ಲಿ ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 8.7, ಎರಡನೆಯ ವರ್ಷ 14.4, ಈ ವರ್ಷ 22.3 ಅಂಕ ಗಳಿಸಿ ಅಮೆರಿಕದ ಶ್ರೇಷ್ಠ ಕಾಲೇಜು ಆಟಗಾರನೆನಿಸಿದ್ದಾನೆ. ಇದು ಬರೀ ಎತ್ತರದಿಂದ ಬಂದದ್ದಲ್ಲ, ಏಕೆಂದರೆ ಎತ್ತರ ಮೊದಲ ವರ್ಷವೂ ಇತ್ತು.

ಭಾವ: ಅದರಲ್ಲಿ ಆಡಿದ ನಿಮಿಷಗಳ ಪಾಲೂ ಇದೆಯಮ್ಮ. ಮೊದಲ ವರ್ಷ 15 ನಿಮಿಷ, ಆಮೇಲೆ 19, ಈ ವರ್ಷ 32ರ ಹತ್ತಿರ. ನಿಮಿಷದ ಲೆಕ್ಕ ಹಾಕಿದರೆ ಕಳೆದ ವರ್ಷಕ್ಕಿಂತ ಈ ವರ್ಷ ಅಂಕ ಹೆಚ್ಚಿಲ್ಲ.

ನಾನು: ಲೆಕ್ಕ ಸರಿ, ಭಾವ. ಆದರೆ 135 ಕಿಲೋ ಮೀರಿದ ದೇಹವನ್ನು 32 ನಿಮಿಷ ಓಡಿಸಿ, ಪ್ರತಿ ಸಲ ಇಬ್ಬರು ಮೈಮೇಲೆ ಬೀಳುವಾಗಲೂ ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟೇ ಅಂಕ ಗಳಿಸುವುದೇ ಈ ವರ್ಷದ ಬೆಳವಣಿಗೆ ಎಂದು ಅವನಂತೆಯೇ ಬುಟ್ಟಿಯ ಹತ್ತಿರದ ಸೆಂಟರ್ ಸ್ಥಾನದಲ್ಲಿ ಆಡಿದ ನಾನು ಹೇಳಬಲ್ಲೆ. ಮಾರ್ಚ್‌ನಲ್ಲಿ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಕೊನೆಯ ಅಂದರೆ 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು ಪರ್ಡ್ಯೂ 63–58ರಿಂದ ಸೋತ ದಿನವೂ ಅವನದು 21 ಅಂಕ, 15 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿದದ್ದು). ಆ ದಿನ ತಂಡ ಎಸೆದ 26 ತ್ರೀ ಪಾಯಿಂಟರ್‌ಗಳಲ್ಲಿ (ದೂರದಿಂದ ಎಸೆಯುವ ಮೂರಂಕದ ಎಸೆತಗಳಲ್ಲಿ) ಬಿದ್ದದ್ದು ಐದೇ. ಹೊರಗಿನವರು ಹಾಕದಿದ್ದರೆ ಒಳಗಿರುವವನನ್ನು ಮುತ್ತುವುದು ಸುಲಭ. ಆದ್ದರಿಂದ ಮುಂದಿನ ವರ್ಷ ಅವನು ಮುತ್ತಿಗೆ ಬೀಳುವ ಮೊದಲೇ ಚೆಂಡನ್ನು ಹೊರಗೆ ಕೊಡುವುದನ್ನು ಕಲಿಯಬೇಕು, ಹೊರಗೆ ನಿಂತು ಆಡುವ ಗಾರ್ಡ್‌ಗಳೂ ಅದನ್ನು ಬುಟ್ಟಿಗೆ ಹಾಕಬೇಕು. ಎರಡೂ ಆಗುವ ಕೆಲಸಗಳೇ.

ಶಿವಮೊಗ್ಗದ ಚಿಕ್ಕಪ್ಪ: ನೀನು ಅವನ ಪರವಾಗಿ ಮಾತನಾಡುತ್ತಿಲ್ಲ, ನನ್ನ ಮಗನ ಪರವಾಗಿ ಮಾತನಾಡುತ್ತಿದ್ದೀಯ. ಹೋದ ಯುಗಾದಿಯಲ್ಲೂ ಎಲ್ಲರೆದುರು ಹೀಗೆಯೇ ಮಾಡಿದೆ.

ನಾನು: ಹೌದು ಚಿಕ್ಕಪ್ಪ, ನಿಮ್ಮ ಮಗನ ಪರವಾಗಿಯೂ ಮಾತನಾಡುತ್ತಿದ್ದೇನೆ. ಆರಡಿ ಐದಂಗುಲದ ಹುಡುಗ ಪಿಯುಸಿಯಲ್ಲೇ ತನ್ನದು ಮುಗಿಯಿತೆಂದು ಕೂರಬಾರದು. ಅವನು ಮೈಕನ್ ಡ್ರಿಲ್ ಮಾಡುವುದನ್ನು ನೀವು ಒಮ್ಮೆ ನಿಂತು ನೋಡಿ: ರಿಂಗಿನ ಕೆಳಗೆ ಬಲಕ್ಕೊಮ್ಮೆ ಬಲಗೈಯಲ್ಲಿ, ಎಡಕ್ಕೊಮ್ಮೆ ಎಡಗೈಯಲ್ಲಿ, ಚೆಂಡನ್ನು ಗದ್ದದಿಂದ ಕೆಳಗಿಳಿಸದೆ ಹಾಕುತ್ತಲೇ ಇರಬೇಕು. ಜನವರಿಯಲ್ಲಿ ಅವನ ಎಡಗೈಯಿಂದ ಒಂದೂ ಬೀಳುತ್ತಿರಲಿಲ್ಲ, ಈಗ ಹತ್ತಕ್ಕೆ ಆರು ಬೀಳುತ್ತಿವೆ.

ದೊಡ್ಡಪ್ಪ: ಹಿರಿಯರಿಗೆ ಎದುರಾಡುವ ಧಾಟಿ ಬೇಡ ಮಗಳೇ. ಆದರೆ ಹತ್ತಕ್ಕೆ ಆರು ಎಂದರೆ ಸುಮ್ಮನೆ ಬಂದದ್ದಲ್ಲ.

ಚಿಕ್ಕಪ್ಪನ ಮಗ: ಅಕ್ಕಾ, ಎಡಗೈಯಲ್ಲಿ ಹಾಕುವಾಗ ಯಾವ ಕಾಲಿನಿಂದ ಚಿಮ್ಮಬೇಕು ಎಂಬುದು ನನಗೆ ಇನ್ನೂ ಗೊಂದಲವೇ.

ನಾನು: ಬಲಗಾಲಿನಿಂದ. ಸಂಜೆ ಐದಕ್ಕೆ ವಿಡಿಯೊ ಕರೆ ಮಾಡು, ಫೋನನ್ನು ಕಂಬದ ಬುಡದಲ್ಲಿ ಇಡು.