ಲೆಂಟ್‌ಗೆ ಯಾವ ಪದ? ತಪಸ್ಸು ಕಾಲ, ಉಪವಾಸ ಕಾಲ, ನೋಂಪಿ

ಗೆಳೆಯರೇ,

ನಮ್ಮ ಚರ್ಚಿನ ಕನ್ನಡ ಕೈಪತ್ರಕ್ಕೆ ಲೆಂಟ್ ಬಗ್ಗೆ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ನಲವತ್ತು ದಿನಗಳ ಕಾಲದ ಬಗ್ಗೆ, ಒಂದು ಪುಟ ಬರೆಯುತ್ತಿದ್ದೇನೆ. ಓದುವವರಲ್ಲಿ ಕ್ರೈಸ್ತರಲ್ಲದ ನೆರೆಹೊರೆಯವರೂ ಇದ್ದಾರೆ. ತಲೆಬರಹಕ್ಕೇ ತಡವರಿಸುತ್ತಿದ್ದೇನೆ.

ಕನ್ನಡ ಕಥೋಲಿಕರು ‘ತಪಸ್ಸು ಕಾಲ’ ಎನ್ನುತ್ತಾರೆ. ತಮಿಳಿನ ‘ತವಕ್ಕಾಲಂ’ ಕೂಡ ಅದೇ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟೆಂಟ್ ಸಭೆ) ಸಭೆಗಳವರ ಬಾಯಲ್ಲಿ ‘ಲೆಂಟ್’ ಎಂದೇ ಜಾಸ್ತಿ ಕೇಳಿದ್ದೇನೆ. ಮಂಗಳೂರಿನ ಕೊಂಕಣಿ ಕಥೋಲಿಕರದು ‘ಕರೆಜ್ಮ್’. ಅದು ಪೋರ್ಚುಗೀಸ್ ಮೂಲಕ ಬಂದ ಲ್ಯಾಟಿನ್ ಮಾತು. ನಲವತ್ತನೆಯದು ಎಂದು ಅರ್ಥ. ‘ಲೆಂಟ್’ ಎಂಬುದಕ್ಕೆ ಮಾತ್ರ ಮೂಲದಲ್ಲಿ ಉಪವಾಸದ ನಂಟೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ವಸಂತಕಾಲದ ಹೆಸರು!

‘ಉಪವಾಸ ಕಾಲ’ ಎಂದುಬಿಡಿ, ಎಲ್ಲರಿಗೂ ತಿಳಿಯುತ್ತದೆ ಎಂದು ಕೆಲವರು ಹೇಳಿದರು. ನನಗೆ ಅದು ಹಿಡಿಸಲಿಲ್ಲ. ಪ್ರಾರ್ಥನೆ, ದಾನ, ಉಪವಾಸ ಮೂರೂ ಸೇರಿದ ಆಚರಣೆ ಇದು. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮೂರನ್ನೂ ಹೇಳಿ, ಯಾವುದನ್ನೂ ಜನ ನೋಡಲೆಂದು ಮಾಡಬೇಡಿ ಎನ್ನುತ್ತಾರೆ. ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ. ಭಾನುವಾರ ಪುನರುತ್ಥಾನದ ದಿನ, ಹಾಗಾಗಿ 6 ಭಾನುವಾರ ಕಳೆದು ನಲವತ್ತು ಎಂಬುದು ರೂಢಿಯ ಲೆಕ್ಕ. ಆದರೆ ಕಥೋಲಿಕರಿಗೆ ಉಪವಾಸದ ಕಟ್ಟಳೆ ಇರುವುದು ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವಯಸ್ಸಿನವರಿಗೆ. ಆ ದಿನ ಹೊಟ್ಟೆತುಂಬ ಊಟ ಒಂದೇ ಹೊತ್ತು, ಉಳಿದಂತೆ ಬೇಕಿದ್ದರೆ ಸ್ವಲ್ಪ ಸ್ವಲ್ಪ. ನಮ್ಮ ಹಳ್ಳಿಮಾತಿನ ‘ಒಪ್ಪೊತ್ತು’ ಇದಕ್ಕೆ ಹತ್ತಿರ ಅಲ್ವಾ? ಶುಕ್ರವಾರಗಳಲ್ಲಿ ಮಾಂಸ ಬಿಡುವುದು ಬೇರೆಯೇ ಕಟ್ಟಳೆ.

‘ತಪಸ್ಸು’ ಎಂದರೆ ಹೊರಗಿನವರಿಗೆ ಕಾಡು, ಹುತ್ತ, ಒಂಟಿ ಋಷಿ ನೆನಪಾಗುತ್ತಾರೆ. ಇಲ್ಲಿ ಸಭೆಯೆಲ್ಲ ಒಟ್ಟಿಗೆ ನಡೆಯುತ್ತದೆ. ಶುಕ್ರವಾರ ಸೇರಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ 14 ಸ್ಥಳಗಳ ಶಿಲುಬೆ ಹಾದಿ ಮಾಡುತ್ತಾರೆ, ಪೂಜೆಯಲ್ಲಿ ‘ಅಲ್ಲೆಲೂಯ’ ಎಂಬ ಸಂತಸದ ಸ್ತುತಿ ಹಾಡುವುದಿಲ್ಲ, ಗುರುಗಳ ಉಡುಪು ನೇರಳೆ. ಆದರೂ ಪದದ ಬೇರು ನೋಡಿ. ಸುಡುವ, ಕಾಯಿಸುವ ‘ತಪ್’ ಧಾತುವೇ ‘ಪಶ್ಚಾತ್ತಾಪ’ದಲ್ಲೂ ಇದೆ. ಮಾಡಿದ್ದನ್ನು ನೆನೆದು ಒಳಗೇ ಬೇಯುವುದು, ಆಮೇಲೆ ದೇವರ ಕಡೆಗೆ ತಿರುಗುವುದು. ಲೆಂಟ್‌ನ ತಿರುಳೇ ಅದು. ಹಾಗಾಗಿ ನನ್ನ ಓಟು ಸದ್ಯ ‘ತಪಸ್ಸು ಕಾಲ’ಕ್ಕೇ.

ಆದರೂ ‘ನೋಂಪಿ’ ಕಾಡುತ್ತಿದೆ. ಕೇರಳದ ಸಿರಿಯನ್ (ಸಿರಿಯಾಕ್ ಪರಂಪರೆಯ) ಕ್ರೈಸ್ತರು ಇದೇ ಕಾಲವನ್ನು ಐವತ್ತು ದಿನದ ‘ನೋಂಬು’ ಎಂದು ಆಚರಿಸುತ್ತಾರೆ. ಅಲ್ಲಿನ ಮುಸ್ಲಿಮರ ರಂಜಾನ್ ಉಪವಾಸಕ್ಕೂ ಅದೇ ಪದ. ಹಳಗನ್ನಡದಲ್ಲಿ ‘ನೋನ್’ ಎಂಬ ಕ್ರಿಯಾಪದವೇ ಇತ್ತು, ವ್ರತ ಹಿಡಿ ಎಂದು. ‘ನೋಂಪಿ’ ಈಗ ಜೈನರಲ್ಲಿ ಉಳಿದಿದೆ. ಹರಕೆ, ಸಂಯಮ, ಪೂಜೆ ಮೂರೂ ಆ ಒಂದೇ ಪದದಲ್ಲಿವೆ. ಆದರೆ ಕೈಪತ್ರದಲ್ಲಿ ಬರೆದರೆ ಯಾರಿಗೆ ಗೊತ್ತಾಗುತ್ತದೆ?

ಇನ್ನೊಂದು. ‘ವಿಭೂತಿ ಬುಧವಾರ’, ‘ಬೂದಿ ಬುಧವಾರ’ ಎರಡೂ ಬಳಕೆಯಲ್ಲಿವೆ. ‘ಬೂದಿ’ಯೂ ‘ಭೂತಿ’ಯ ತದ್ಭವವೇ, ನಿಜ. ಆದರೆ ವಿಭೂತಿ ಎಂದಾಗ ಮಹಿಮೆ, ಐಶ್ವರ್ಯದ ಅರ್ಥ ಮುಂದೆ ಬರುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಹಿಡಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಹಣೆಗಿಟ್ಟು, ‘ನೀನು ಮಣ್ಣು, ಮಣ್ಣಿಗೇ ಮರಳುವೆ’ ಎನ್ನುವ ಕಡೆ ಬರಿಯ ಬೂದಿಯೇ ಸರಿ ಎಂದು ನನ್ನ ವಾದ.

ಬೀದರ್ ಕಡೆಯ ಮೆಥಡಿಸ್ಟ್ ಸಭೆಗಳಲ್ಲಿ ಈ ಕಾಲಕ್ಕೆ ಮನೆಮಾತಿನಲ್ಲಿ ಏನೆನ್ನುತ್ತಾರೆ? ಮಂಗಳೂರಿನಲ್ಲಿ ಕೆಲಸ ಮಾಡಿದ ಸ್ವಿಸ್ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಶನ್‌ನ ಹಳೆಯ ಕನ್ನಡ ಪುಸ್ತಕಗಳಲ್ಲಿ ಬೇರೆ ಪದ ಕಂಡವರು ಇದ್ದೀರಾ? ‘ನೋನು’ವುದನ್ನು ಈಗಲೂ ಕ್ರಿಯಾಪದವಾಗಿ ಆಡುವ ಊರು ಗೊತ್ತಿದ್ದರೆ ಒಂದು ವಾಕ್ಯ ಹಾಗೇ ಬರೆದು ಕಳಿಸಿ.