ಪ್ರಶ್ನೋತ್ತರ: ನಮ್ಮ ಸಿಡಿಆರ್ (ಕರೆ ವಿವರಗಳ ದಾಖಲೆ) ಮೊಬೈಲ್ ಕಂಪನಿಯ ಬಳಿ ಎಷ್ಟು ಕಾಲ ಇರುತ್ತದೆ?

ಪ್ರಶ್ನೆ: ಯಾರಿಗೆ ಯಾವಾಗ ಕರೆ ಮಾಡಿದೆ ಅನ್ನೋದನ್ನ ಮೊಬೈಲ್ ಕಂಪನಿ ಎಷ್ಟು ಕಾಲ ಇಟ್ಟುಕೊಳ್ಳುತ್ತೆ? ಮಾತಾಡಿದ್ದೂ ರೆಕಾರ್ಡ್ ಆಗಿರುತ್ತಾ?

ಉತ್ತರ (ವಕೀಲರು): ಮಾತು ಇರುವುದಿಲ್ಲ. ಎರಡೂ ಕಡೆಯ ನಂಬರ್, ಸಮಯ, ಅವಧಿ, ಹ್ಯಾಂಡ್‌ಸೆಟ್‌ನ ಐಎಂಇಐ (ಪ್ರತಿ ಫೋನಿಗಿರುವ ಗುರುತಿನ ಸಂಖ್ಯೆ), ಕರೆ ಶುರುವಾದ ಮತ್ತು ಮುಗಿದ ಟವರ್‌ಗಳ ಐಡಿ ಇರುತ್ತವೆ. 2021ರ ಡಿಸೆಂಬರ್‌ನಲ್ಲಿ ಕಂಪನಿಗಳ ಲೈಸೆನ್ಸ್ ಷರತ್ತು ತಿದ್ದಿ, ದಾಖಲೆ ಇಡಬೇಕಾದ 1 ವರ್ಷದ ಅವಧಿಯನ್ನು ಕನಿಷ್ಠ 2 ವರ್ಷ ಮಾಡಿದರು. 'ಕನಿಷ್ಠ' ಅನ್ನುವ ಪದ ಗಮನಿಸಿ, ಆಮೇಲೂ ಅಳಿಸಲೇಬೇಕೆಂದಿಲ್ಲ.

ಪ್ರಶ್ನೆ: ಮಾತೇ ಇಲ್ಲ ಅಂದ್ಮೇಲೆ ಹೆದರಿಕೆ ಯಾಕೆ?

ಉತ್ತರ (ವಕೀಲರು): ರಾತ್ರಿ ಯಾವ ಟವರ್, ವಾರಕ್ಕೊಮ್ಮೆ ಯಾವ ಆಸ್ಪತ್ರೆಯ ನಂಬರ್, ಸುದ್ದಿ ಹೊರಬೀಳುವ ಹಿಂದಿನ ದಿನ ಯಾವ ವರದಿಗಾರ. ಇಷ್ಟು ಸಾಕಲ್ಲವೇ? ಫೋನ್ ಕದ್ದಾಲಿಸಲು ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಅದರ ಮೇಲೊಂದು ಪರಿಶೀಲನಾ ಸಮಿತಿಯಿದೆ. ಸಿಡಿಆರ್‌ಗೆ ಅಂಥ ಸಮಿತಿಯಿಲ್ಲ. ಎಸ್‌ಪಿ ದರ್ಜೆಯವರ ಮೂಲಕವೇ ಕೋರಿಕೆ ಹೋಗಬೇಕೆಂಬ ಸೂಚನೆಯಿದೆ, ಅಷ್ಟೆ. ಯೂರೋಪ್ ಒಕ್ಕೂಟದಲ್ಲಿ 6ರಿಂದ 24 ತಿಂಗಳು ಎಲ್ಲರ ದಾಖಲೆ ಇಡಿಸುತ್ತಿದ್ದ ನಿರ್ದೇಶನವನ್ನು ಅಲ್ಲಿನ ನ್ಯಾಯಾಲಯ 2014ರ ಏಪ್ರಿಲ್ 8ರಂದು ರದ್ದು ಮಾಡಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ ಪುಟ್ಟಸ್ವಾಮಿ ತೀರ್ಪು (2017) ಬಂದ ಮೇಲೂ ದಾಖಲೆ ಇಡುವ ಅವಧಿ ಹೆಚ್ಚಿದ್ದೇ ಸೋಜಿಗ.

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ಇಂಟರ್ನೆಟ್ ದಾಖಲೆ, ಅಂದರೆ ಐಪಿಡಿಆರ್‌ನಲ್ಲಿ ಎಡವಟ್ಟು ಹೆಚ್ಚು. ಮೊಬೈಲ್ ಡೇಟಾದಲ್ಲಿ ಒಂದೇ ಐಪಿ ವಿಳಾಸವನ್ನು ಏಕಕಾಲಕ್ಕೆ ಹಲವರು ಹಂಚಿಕೊಳ್ಳುತ್ತಾರೆ. ಅವರನ್ನು ಬೇರ್ಪಡಿಸಿ ಗುರುತಿಸುವ ಪೋರ್ಟ್ ನಂಬರ್ ಮತ್ತು ಸೆಕೆಂಡಿನವರೆಗಿನ ಸಮಯ ಕೊಡದೆ ಕೇಳಿದರೆ ಬೇರೆಯವರ ಹೆಸರು ಬರಬಹುದು. ವಿದೇಶಿ ಸರ್ವರ್‌ನ ಲಾಗ್ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯದಲ್ಲಿ) ಇರುತ್ತದೆ. ಐದೂವರೆ ಗಂಟೆ ಕೂಡಿಸಲು ಮರೆತರೆ ಅಮಾಯಕರ ಮನೆ ಬಾಗಿಲಿಗೆ ಪೊಲೀಸರು! ಟವರ್ ಐಡಿಯೂ ಮನೆ ನಂಬರ್ ಅಲ್ಲ. ಹಳ್ಳಿಗಳಲ್ಲಿ ಒಂದು ಟವರ್ ಹಲವು ಕಿಲೋಮೀಟರ್ ವ್ಯಾಪಿಸುತ್ತದೆ.

ಪ್ರಶ್ನೆ: ವಿಚ್ಛೇದನದ ಕೇಸಲ್ಲಿ ಗಂಡ ನನ್ನ ಸ್ನೇಹಿತರ ದಾಖಲೆ ತರಿಸಬಹುದಾ?

ಉತ್ತರ (ವಕೀಲರು): ಅಂಥದ್ದೇ ಪ್ರಕರಣದಲ್ಲಿ ಮೂರನೆಯವರ ಟವರ್ ದಾಖಲೆ ತರಿಸಲು ಕೌಟುಂಬಿಕ ನ್ಯಾಯಾಲಯ ಕೊಟ್ಟಿದ್ದ ಅನುಮತಿಯನ್ನು ಕರ್ನಾಟಕ ಹೈಕೋರ್ಟ್ 2022ರಲ್ಲಿ ರದ್ದು ಮಾಡಿದೆ. ಆ ತೀರ್ಪಿನ ಪ್ರತಿ ಹಿಡಿದು ಆಕ್ಷೇಪಣೆ ಸಲ್ಲಿಸಿ. ಯಾರಾದರೂ ದುಡ್ಡು ಕೊಟ್ಟು ಕಳ್ಳದಾರಿಯಲ್ಲಿ ಸಿಡಿಆರ್ ತಂದಿದ್ದರೆ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಎಲ್ಲಿ ಎಂದು ಮೊದಲು ಕೇಳಿ.